ರಕ್ತ ಬರುವ ಕಡೆಯೇ ಬ್ರಷ್ ಇಟ್ಟೆ

ಹಲ್ಲುಜ್ಜುವಾಗ ರಕ್ತ ಬಂದರೆ ಸುಮಾರು ಜನ ಆ ಜಾಗವೊಂದನ್ನು ಬಿಟ್ಟು ಉಳಿದ ಕಡೆ ಉಜ್ಜುತ್ತಾರೆ. ಗಾಯವಾಗಿದೆ, ಮುಟ್ಟೋದು ಬೇಡ ಅಂತ. ನಾನು ಅದಕ್ಕೆ ಉಲ್ಟಾ ಮಾಡಿದೆ. ರಕ್ತ ಬರುವ ಜಾಗಕ್ಕೇ ಜಾಸ್ತಿ ಹೊತ್ತು ಕೊಟ್ಟೆ.

ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಪಾಚಿ ಕಟ್ಟುತ್ತದೆ. ಅದನ್ನು ತೆಗೆಯದಿದ್ದರೆ ವಸಡು ಊದಿಕೊಳ್ಳುತ್ತದೆ, ಸ್ವಲ್ಪ ತಾಗಿದರೂ ರಕ್ತ ಬರುತ್ತದೆ. 1965ರಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 12 ಆರೋಗ್ಯವಂತರು ಹಲ್ಲುಜ್ಜುವುದನ್ನೇ ನಿಲ್ಲಿಸಿದ್ದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ನನ್ನ ಲೆಕ್ಕವೂ ಅದೇ: ಬರೀ ಪಾಚಿಯ ಕಾಟವಾದರೆ ಒಂದೆರಡು ವಾರದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗೋದು.

ಮೊದಲು ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿಯಲ್ಲಿ ನೋಡಿದೆ. ಬಣ್ಣ ನೋಡಿ ತೀರ್ಮಾನ ಮಾಡೋದು ಕಷ್ಟ, ಹಲವರ ವಸಡು ಹುಟ್ಟಿನಿಂದಲೇ ಕಪ್ಪಾಗಿರುತ್ತದೆ. ಆಕಾರ ನೋಡಬೇಕು. ಎರಡು ಹಲ್ಲುಗಳ ನಡುವೆ ವಸಡು ಚೂಪಾಗಿ, ಬಿಗಿಯಾಗಿ ಕೂತಿರಬೇಕು. ನನ್ನ ಕೆಳಗಿನ ಮುಂದಿನ ಹಲ್ಲುಗಳ ಸಂದಿಯಲ್ಲಿ ಅದು ಗುಂಡಗಾಗಿ, ನುಣ್ಣಗೆ ಹೊಳೆಯುತ್ತಿತ್ತು. ಮೇಲಿನ ಒಂದು ದವಡೆ ಹಲ್ಲಿನ ಪಕ್ಕದಲ್ಲೂ ಹಾಗೇ ಇತ್ತು.

ಮೆತ್ತನೆಯ ಬ್ರಷ್ ತಗೊಂಡು, ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಇಟ್ಟು, ಇದ್ದಲ್ಲೇ ಸಣ್ಣಗೆ ಅಲುಗಾಡಿಸುತ್ತಿದ್ದೆ. ಒತ್ತಿ ತಿಕ್ಕಿದರೆ ವಸಡು ಹಿಂದೆ ಸರಿಯುತ್ತದೆ, ಅದು ಬೇಡ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಎರಡು ನಿಮಿಷ. ರಾತ್ರಿ ಫ್ಲಾಸ್, ಅಂದರೆ ಹಲ್ಲಿನ ಸಂದಿ ಕ್ಲೀನ್ ಮಾಡುವ ದಾರ. ಅದನ್ನು ಹಲ್ಲಿಗೆ ಸುತ್ತುವಂತೆ ಹಿಡಿದು, ವಸಡಿನ ಕೆಳಗೆ ತುಸು ಇಳಿಸಿ, ಮೇಲೆ ಎಳೆಯುವುದು. ಮೊದಮೊದಲು ದಾರ ಕೆಂಪಾಗುತ್ತದೆ. ಹೆದರಿ ಬಿಡಬಾರದು, ಅಷ್ಟೇ.

ಮುಂದಿನ ಹಲ್ಲುಗಳಲ್ಲಿ ರಕ್ತ ನಿಂತಿತು. ದವಡೆ ಹಲ್ಲಿನ ಹತ್ತಿರ ಮಾತ್ರ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಹೋದೆ. ಡಾಕ್ಟರು ಗೆರೆ ಹಾಕಿದ ತೆಳು ಕಡ್ಡಿಯೊಂದನ್ನು ಹಲ್ಲು-ವಸಡಿನ ನಡುವೆ ಇಳಿಸುತ್ತಾ ಸಂಖ್ಯೆ ಹೇಳುತ್ತಾ ಹೋದರು: ಎರಡು, ಮೂರು, ಎರಡು. ಆ ಹಲ್ಲಿಗೆ ಬಂದಾಗ ಐದು. ಇವು ಮಿಲಿಮೀಟರ್. ಮೂರರವರೆಗೆ ಸರಿ, ಅದಕ್ಕಿಂತ ಆಳವಾದರೆ ಗಮನ ಕೊಡಬೇಕು. ಪಾಚಿ ವಸಡಿನ ಕೆಳಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಅದನ್ನು ಯಾವ ಬ್ರಷ್ಷೂ ತೆಗೆಯಲಾರದು. ಅರಿವಳಿಕೆ ಕೊಟ್ಟು ಒಳಗೆಲ್ಲ ಕ್ಲೀನ್ ಮಾಡಿದರು. ಆಮೇಲೆ ಸ್ವಲ್ಪ ದಿನ ತಣ್ಣನೆಯ ನೀರು ಜುಮ್ ಅನ್ನುತ್ತಿತ್ತು. ಹಲ್ಲಿನ ಸಂದಿ ಅಗಲವಾದ ಹಾಗೂ ಕಂಡಿತು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನೋ ಮಾತು ಹುಟ್ಟಿದ್ದು ಇಲ್ಲೇ ಇರಬೇಕು. ಸಂದಿ ಮೊದಲೇ ಇತ್ತು, ಕಲ್ಲು ಅದನ್ನು ಮುಚ್ಚಿತ್ತು.

ಒಂದೆರಡು ವಾರ ಕಾಯುವ ಈ ಲೆಕ್ಕ ಎಲ್ಲರಿಗೂ ಅಲ್ಲ. ಕೀವು ಬರುತ್ತಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ, ವಸಡು ಹಿಂದೆ ಸರಿದಿದ್ದರೆ ಸೀದಾ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಮುಖ ಊದಿ ಜ್ವರ ಬಂದರೆ ಅವತ್ತೇ ಹೋಗಬೇಕು. ಉಜ್ಜದೆಯೂ ರಕ್ತ ಜಿನುಗುತ್ತಿದ್ದರೆ, ಪೆಟ್ಟು ಬೀಳದೆಯೂ ಮೈಮೇಲೆ ಕಂದುಗಟ್ಟುತ್ತಿದ್ದರೆ, ಮೂಗಿನಲ್ಲೂ ರಕ್ತ ಬಂದರೆ ತಡ ಮಾಡದೆ ಫಿಸಿಶಿಯನ್‌ಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಅದನ್ನು ಹೇಳಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಬೇಗ ತೋರಿಸಿದಷ್ಟೂ ಒಳ್ಳೆಯದು.

ಸಿಗರೇಟ್ ಸೇದುವ ಗೆಳೆಯನೊಬ್ಬ, ‘ನನಗೆ ರಕ್ತವೇ ಬರಲ್ವಲ್ಲ’ ಅಂದ. ಧೂಮಪಾನದಿಂದ ವಸಡಿನ ರಕ್ತಸ್ರಾವ ಕಮ್ಮಿಯಾಗುತ್ತದೆ, ರೋಗ ಒಳಗೊಳಗೇ ಮುಂದುವರಿಯುತ್ತಿರುತ್ತದೆ. ಅವನೂ ಆ ಕಡ್ಡಿಯಲ್ಲಿ ಅಳತೆ ಮಾಡಿಸಲಿ ಅಂತ ಕಳಿಸಿದ್ದೇನೆ.