ಪೀಣ್ಯದಿಂದ ಜರ್ಮನಿಗೆ: ಮೊದಲು ಪರ್ಚೇಸ್ ಲೆಡ್ಜರ್ ನೋಡಿದೆ

ಪೀಣ್ಯದವನು ಜರ್ಮನಿಯಲ್ಲಿ ಕಂಪನಿ ಕೊಳ್ಳುತ್ತಾನಂತೆ ಅಂತ ನಕ್ಕವರು ಬಹಳ ಜನ. ನಮ್ಮ ಆಡಿಟರ್ ಕೂಡ ನಕ್ಕಿದ್ದರು. ಈಗ ಆ ಕಂಪನಿ ಲಾಭದಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಓಡಿಐ (ವಿದೇಶದಲ್ಲಿ ನೇರ ಹೂಡಿಕೆ), ಅದಕ್ಕೆ ತುಂಬುವ ಫಾರ್ಮ್ ಎಫ್‌ಸಿ, ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿನಿಂದ ಪಡೆಯುವ ಯುಐಎನ್ ಅನ್ನುವ ಗುರುತಿನ ನಂಬರ್, ಈ ಕಾಗದಪತ್ರದ ಕೆಲಸ ಇದ್ದದ್ದೇ. 2022ರ ನಿಯಮದಲ್ಲೂ ಹೊರಗೆ ಹಾಕುವ ದುಡ್ಡಿಗೆ ನಮ್ಮ ಕಂಪನಿಯ ನೆಟ್‌ವರ್ತ್‌ನ (ಸಾಲ ಕಳೆದು ಉಳಿಯುವ ಸ್ವಂತ ಬಂಡವಾಳದ) 400 ಪರ್ಸೆಂಟ್ ಮಿತಿ ಇದೆ, ನಮ್ಮಂಥವರಿಗೆ ಅದು ಅಡ್ಡ ಬರುವುದಿಲ್ಲ. ಅಡ್ಡ ಬರುವವರು ಸಪ್ಲೈಯರ್‌ಗಳು.

ಮೊದಲು ನೋಡಿದ್ದು ಇಟಲಿಯ ಒಂದು ವಾಲ್ವ್ ಕಂಪನಿ. ಲೆಕ್ಕಪತ್ರ ಚೆನ್ನಾಗಿತ್ತು. ವಕೀಲರಿಗೆ, ಡ್ಯೂ ಡಿಲಿಜೆನ್ಸ್‌ಗೆ (ಕೊಳ್ಳುವ ಮುಂಚಿನ ತಪಾಸಣೆಗೆ) ಅಂತ 35 ಲಕ್ಷದ ಹತ್ತಿರ ಸುರಿದ ಮೇಲೆ ಗೊತ್ತಾಯಿತು, ಕಾಸ್ಟಿಂಗ್ (ಎರಕ ಹೊಯ್ದ ಭಾಗ) ಕೊಡುವ ಫೌಂಡ್ರಿಯ ಒಪ್ಪಂದದಲ್ಲಿ ಚೇಂಜ್ ಆಫ್ ಕಂಟ್ರೋಲ್ ಷರತ್ತಿದೆ ಅಂತ. ಮಾಲೀಕ ಬದಲಾದರೆ ಅವರು ಕೈಬಿಡಬಹುದು, ಬೇರೆ ಫೌಂಡ್ರಿ ಇಲ್ಲ. ಹಾಗಾದರೆ ನಾನು ಕೊಳ್ಳುವುದೇನು, ಬರೀ ಗೋಡೆಗಳನ್ನಾ? ಬಿಟ್ಟೆವು. ದುಡ್ಡು ಹೋಯಿತು.

ಜರ್ಮನಿಯದಕ್ಕೆ ಬ್ಯಾಲೆನ್ಸ್ ಶೀಟ್ ಆಮೇಲೆ, ಮೊದಲು ಮೂರು ವರ್ಷದ ಪರ್ಚೇಸ್ ಲೆಡ್ಜರ್, ಅಂದರೆ ಯಾರಿಂದ ಏನು ಎಷ್ಟಕ್ಕೆ ಕೊಂಡಿರಿ ಅನ್ನುವ ಲೆಕ್ಕ ಕೊಡಿ ಅಂದೆ. ಒಬ್ಬನೇ ಸಪ್ಲೈಯರ್ ಇರುವ ಐಟಂಗಳನ್ನು ಬೇರೆ ತೆಗೆದರೆ ಹದಿನೈದೋ ಹದಿನಾರೋ ಸಿಕ್ಕವು. ದೊಡ್ಡ ಮೊತ್ತದವು ತಲೆನೋವಲ್ಲ. ಹೀಟ್ ಟ್ರೀಟ್‌ಮೆಂಟ್ (ಲೋಹದ ಭಾಗ ಕಾಯಿಸಿ ಹದ ಮಾಡುವುದು) ಮಾಡುವ ಒಂದು ಸಣ್ಣ ಶೆಡ್ಡು, ಒಟ್ಟು ಖರೀದಿಯಲ್ಲಿ ಎರಡು ಪರ್ಸೆಂಟೂ ಇಲ್ಲ, ಅದು ನಿಂತರೆ ಇಡೀ ಲೈನ್ ನಿಲ್ಲುತ್ತಿತ್ತು. ಬೆಲೆ ಮಾತಾಡುವ ಮೊದಲೇ ಮೂರು ವರ್ಷ ಕೆಲಸ ಮಾಡಿಕೊಡುತ್ತೇವೆ ಅಂತ ಆ ಶೆಡ್ಡಿನವರಿಂದ ಬರೆಸಿಕೊಂಡೆ. ಅದಕ್ಕೆ ಮಾರುವವರನ್ನು ಹೇಗೆ ಒಪ್ಪಿಸಿದೆ ಅಂತ ಮಾತ್ರ ಕೇಳಬೇಡಿ, ಇನ್ನೊಂದು ಕಂಪನಿ ಮೇಲೆ ಕಣ್ಣಿದೆ. ಆ ಪಟ್ಟಿ ಮುಂದಿಟ್ಟೇ ಬೆಲೆಯನ್ನು ಒಂದು ಕೋಟಿಗೂ ಜಾಸ್ತಿ ಇಳಿಸಿದೆ.

ಇದೇನು ಹೊಸದಲ್ಲ. 2008ರಲ್ಲಿ ಟಾಟಾ ಮೋಟರ್ಸ್ 2.3 ಬಿಲಿಯನ್ ಡಾಲರ್‌ಗೆ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಾಗ, ಮುಂದೆಯೂ ಎಂಜಿನ್ ಕೊಡಬೇಕು ಅಂತ ಫೋರ್ಡ್ ಜೊತೆ ಡೀಲ್‌ನಲ್ಲೇ ಮಾತಾಗಿತ್ತು. ಆದರೆ ನಮ್ಮ ಸೈಜಿನವರು ಯಾರು ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ?

ಕೊಂಡ ಮೇಲೆ, ಪ್ಲೇಟಿಂಗ್ (ಭಾಗಗಳಿಗೆ ಲೋಹದ ಲೇಪ) ಇಲ್ಲೇ ಮಾಡಿಸಿದರೆ ಅರ್ಧ ರೇಟು ಅಲ್ವಾ ಅಂತ ಒಂದು ಟ್ರಯಲ್ ಲಾಟ್ ಚೆನ್ನೈನಿಂದ ಹಡಗಿಗೆ ಹಾಕಿದೆ. 2024ರ ಶುರು. ಕೆಂಪು ಸಮುದ್ರದಲ್ಲಿ ಹೂತಿಗಳ ದಾಳಿ, ಹಡಗುಗಳೆಲ್ಲ ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗುತ್ತಿದ್ದವು. ಎರಡು ವಾರ ತಡ, ಬಾಡಿಗೆಯೂ ಸಿಕ್ಕಾಪಟ್ಟೆ. ಹೇಗೋ ತಲುಪಿತು ಅಂದುಕೊಂಡರೆ, ಪ್ಲೇಟಿಂಗ್ ಜಾಗ ಬದಲಾಗಿದೆ, ಪಿಪಿಎಪಿ (ಭಾಗಕ್ಕೆ ಒಪ್ಪಿಗೆ ಪಡೆಯಲು ಕೊಡುವ ಪರೀಕ್ಷೆ, ದಾಖಲೆಗಳ ಕಟ್ಟು) ಹೊಸದಾಗಿ ಕೊಡಿ ಅಂದರು ಗ್ರಾಹಕರು. ಅದರ ಖರ್ಚು ನೋಡಿ ಸುಮ್ನಾದೆ. ಈಗ ಗೇಜು (ಅಳತೆ ನೋಡುವ ಉಪಕರಣ), ಫಿಕ್ಸ್ಚರ್ (ಕೆಲಸದ ಭಾಗ ಹಿಡಿದಿಡುವ ಸಾಧನ) ಮಾತ್ರ ಪೀಣ್ಯದಲ್ಲಿ ಮಾಡಿ ವಿಮಾನದಲ್ಲಿ ಕಳಿಸುತ್ತೇನೆ, ವರ್ಷಕ್ಕೆ 20 ಲಕ್ಷವಾದರೂ ಉಳಿಯುತ್ತಿದೆ.