ಡ್ಯೂರಿಯಲ್ ಕೋಣೆಗೆ ಮತ್ತೆ, ಈ ಸಲ ಮೌಸ್ ಇಲ್ಲದೆ

ರಾಕ್ಷಸರನ್ನು ಕೊಂದುಕೊಂಡು ಹೋಗುವ ಡಯಾಬ್ಲೋ 2 ಆಟವನ್ನು ನಾನು ಮೊದಲು ಆಡಿದ್ದು 2003ರ ಬೇಸಿಗೆ ರಜೆಯಲ್ಲಿ, ದೊಡ್ಡಪ್ಪನ ಮನೆಯ ಕಂಪ್ಯೂಟರಿನಲ್ಲಿ. ಆಟ ಬಂದು ಆಗಲೇ ಹತ್ತಿರ ಹತ್ತಿರ ಮೂರು ವರ್ಷ ಆಗಿತ್ತು. ಒಟ್ಟು ಮೂರು ಸಿಡಿ. ಇನ್‌ಸ್ಟಾಲ್ ಮಾಡಿದ ಮೇಲೂ ಪ್ಲೇ ಡಿಸ್ಕ್ ಡ್ರೈವಿನೊಳಗೆ ಇರಲೇಬೇಕು. ನಮ್ಮ ಡಿಸ್ಕಿನ ಮೇಲೋ ಉದ್ದಕ್ಕೂ ಗೀರು.

ಎರಡನೇ ಆಕ್ಟಿನ, ಅಂದರೆ ಆಟದ ಎರಡನೇ ಅಧ್ಯಾಯದ, ಕೊನೆಗೆ ಡ್ಯೂರಿಯಲ್ ಅಂತ ಒಂದು ದೈತ್ಯ ಹುಳ ಇದೆ. ಇಕ್ಕಟ್ಟಾದ ಕೋಣೆ, ಓಡೋಕೆ ಜಾಗ ಇಲ್ಲ. ಒಳಗೆ ಹೋದರೆ ಲೋಡಿಂಗ್ ಪರದೆಯಲ್ಲಿ ಬಾಗಿಲು ನಿಧಾನಕ್ಕೆ ತೆರೆಯುತ್ತೆ, ಡ್ರೈವ್ ಕರ್ರ್ ಕರ್ರ್ ಅನ್ನುತ್ತೆ. ಬಾಗಿಲು ಪೂರ್ತಿ ತೆರೆಯುವ ಹೊತ್ತಿಗೆ ನಾನು ಸತ್ತಿರುತ್ತಿದ್ದೆ. "ನೀನು ಆಡ್ತಿದ್ದೀಯಾ ಇಲ್ಲಾ ಅದು ನಿನ್ನ ಆಡಿಸ್ತಿದೆಯಾ?" ಅಂತ ಅಣ್ಣ ಹಿಂದಿನಿಂದ ನಗುತ್ತಿದ್ದ.

ಹೋದ ವರ್ಷ ನಿಂಟೆಂಡೊ ಸ್ವಿಚ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ತಗೊಂಡಾಗ ಮೊದಲು ಹಾಕಿದ್ದು ಇದನ್ನೇ. 2021ರಲ್ಲಿ ಬಂದ 'ರಿಸರೆಕ್ಟೆಡ್'. ಒಳಗಿನ ಆಟ ಹಳೆಯದೇ, ಮೇಲೆ ಹೊಸ ಚಿತ್ರ. ಬೇಕಾದರೆ ಹಳೆಯ ಮಸುಕು ಚಿತ್ರಕ್ಕೂ ಹೋಗಬಹುದು. ಹೋಗಿ ನೋಡಿದೆ. ನೆನಪಿನಲ್ಲಿ ಅದು ಇಷ್ಟು ಮಸುಕಾಗಿರಲಿಲ್ಲ.

ಆಗಿನ ಹಾಗೇ ನೆಕ್ರೋಮ್ಯಾನ್ಸರ್ ಆರಿಸಿಕೊಂಡೆ. ಹೆಣದಿಂದ ಅಸ್ಥಿಪಂಜರ ಎಬ್ಬಿಸುವವನು. ಆಗ ಹೊಸ ವಿದ್ಯೆ ಕಲಿಯೋಕೆ ಸಿಗುವ ಸ್ಕಿಲ್ ಪಾಯಿಂಟ್‌ಗಳನ್ನು ಮದುವೆ ಮನೆಯಲ್ಲಿ ಅಕ್ಷತೆ ಹಾಕಿದ ಹಾಗೆ ಎಲ್ಲ ಕಡೆ ಚೆಲ್ಲಿದ್ದೆ. ವಾಪಸ್ ತಗೊಳ್ಳೋಕೆ ಆಗುತ್ತಿರಲಿಲ್ಲ. ಆಟಕ್ಕೆ 2010ರಲ್ಲಿ ಬಂದ ಪ್ಯಾಚಿನಿಂದ (ತಿದ್ದುಪಡಿಯಿಂದ) ಆ ಕಷ್ಟ ಇಲ್ಲ. ಆಟದ ಮೊದಲ ಊರಿನಲ್ಲಿರುವ ಅಕಾರಾ ಅನ್ನುವವಳು ಒಂದು ಸಲ ಎಲ್ಲ ಅಳಿಸಿ ವಾಪಸ್ ಕೊಡುತ್ತಾಳೆ. ನಾನು ಹತ್ತನೇ ಲೆವೆಲ್ಲಿಗೇ ಅದನ್ನು ಬಳಸಿಬಿಟ್ಟೆ. ಬುದ್ಧಿ ಬಂದಿಲ್ಲ ಅಂತಾಯ್ತು.

ಮೌಸ್ ಇಲ್ಲದ್ದು ಮೊದಲ ಎರಡು ದಿನ ಹಿಂಸೆ. ಆಮೇಲೆ ಕೆಲವು ವಿಷಯದಲ್ಲಿ ಇದೇ ವಾಸಿ ಅನ್ನಿಸಿತು. ಮೊದಲೆಲ್ಲ ಗುಂಪಿನ ಕಾಲಡಿ ಬಿದ್ದ ಹೆಣದ ಮೇಲೆ ಸರಿಯಾಗಿ ಕ್ಲಿಕ್ ಮಾಡಬೇಕಿತ್ತು. ಈಗ ಹತ್ತಿರ ನಿಂತು ಬಟನ್ ಒತ್ತಿದರೆ ಆಟವೇ ಹೆಣ ಹುಡುಕಿಕೊಳ್ಳುತ್ತೆ. ಚಿನ್ನದ ಮೇಲೆ ನಡೆದರೆ ಸಾಕು, ಜೇಬಿಗೆ ಬೀಳುತ್ತೆ.

ತೊಂದರೆ ಪೋಷನ್, ಅಂದರೆ ಶಕ್ತಿ ತುಂಬುವ ಮದ್ದು, ಕುಡಿಯೋದರಲ್ಲಿ. ಕಂಪ್ಯೂಟರಿನಲ್ಲಿ ಬಲಗೈ ಮೌಸ್ ಮೇಲೆ, ಎಡಗೈ 1ರಿಂದ 4ರ ಕೀಲಿಗಳ ಮೇಲೆ. ಓಡುತ್ತಲೇ ಕುಡಿಯಬಹುದಿತ್ತು. ಸ್ವಿಚ್‌ನಲ್ಲಿ ಓಡಿಸುವ ಸ್ಟಿಕ್ಕೂ ಪೋಷನ್ನಿನ ನಾಲ್ಕು ಬಟನ್ನುಗಳೂ ಎಡ ಹೆಬ್ಬೆರಳಿನ ಪಾಲಿಗೇ. ಕುಡಿಯಬೇಕಾದರೆ ನಿಲ್ಲಬೇಕು. ಡ್ಯೂರಿಯಲ್ ಎದುರು ನಿಲ್ಲೋದು ಅಂದರೆ ಮುಗಿದ ಹಾಗೆ.

ಅದಕ್ಕೆ ಕಂಡುಕೊಂಡ ದಾರಿ ಇದು. ಕೆಂಪು ಪೋಷನ್ ಜೀವವನ್ನು ನಿಧಾನಕ್ಕೆ ತುಂಬುತ್ತೆ, ನೀಲಿ ಪೋಷನ್ ಮಾನಾವನ್ನು, ಅಂದರೆ ಮಂತ್ರ ಹಾಕೋಕೆ ಬೇಕಾದ ಶಕ್ತಿಯನ್ನು. ನೇರಳೆ ಬಣ್ಣದ್ದು ಒಂದೇ ಗುಟುಕಿಗೆ ಜೀವ, ಮಾನಾ ಎರಡನ್ನೂ ಏರಿಸುತ್ತೆ. ಹೇಗೂ ನಿಲ್ಲಬೇಕು ಅಂದಮೇಲೆ ಒಂದೇ ಒತ್ತಿಗೆ ಕೆಲಸ ಆಗಬೇಕು ಅಲ್ವಾ? ಹೊರಾಡ್ರಿಕ್ ಕ್ಯೂಬ್ ಅನ್ನೋ ಮಾಯಾ ಪೆಟ್ಟಿಗೆಗೆ ಮೂರು ಕೆಂಪು, ಮೂರು ನೀಲಿ, ಒಂದು ಚಿಪ್ಡ್ (ಚೂರು ಎದ್ದ) ರತ್ನ ಹಾಕಿದರೆ ಒಂದು ನೇರಳೆ ಸಿಗುತ್ತೆ. ಒಂದು ಸಂಜೆಯೆಲ್ಲ ಕೂತು ಅದನ್ನೇ ಮಾಡಿದೆ, ಉಪ್ಪಿನಕಾಯಿ ಹಾಕಿದ ಹಾಗೆ.

ಆಮೇಲೆ ಇಳಿದೆ. ಜೊತೆಗೆ ಐದು ಅಸ್ಥಿಪಂಜರ, ಮಂತ್ರದಿಂದ ಎದ್ದ ಒಂದು ಮಣ್ಣಿನ ಬೊಂಬೆ, ಗೊಲೆಮ್. ಬಾಗಿಲು ತೆರೆಯುವ ಪರದೆ ಈಗಲೂ ಇದೆ. ಸುಮ್ನೆ ಉಸಿರು ಬಿಗಿಹಿಡಿದೆ. ಒಳಗೆ ಹೋದ ತಕ್ಷಣ ಊರಿಗೆ ಪೋರ್ಟಲ್ (ಮಾಯಾ ದ್ವಾರ) ತೆರೆದಿಟ್ಟೆ. ಅಸ್ಥಿಪಂಜರಗಳು ಅರ್ಧ ನಿಮಿಷದಲ್ಲಿ ಪುಡಿ. ಆ ಕೋಣೆಯಲ್ಲಿ ಬೇರೆ ಹೆಣವೇ ಇಲ್ಲ, ಮತ್ತೆ ಎಬ್ಬಿಸೋಕೆ ಆಗಲ್ಲ. ಆದರೆ ಗೊಲೆಮ್‌ಗೆ ಹೆಣ ಬೇಡ, ಮಾನಾ ಇದ್ದರೆ ಸಾಕು. ಅದು ಹೊಡೆದರೆ ಡ್ಯೂರಿಯಲ್ ನಿಧಾನ ಆಗುತ್ತಾನೆ. ಗೊಲೆಮ್ ಸತ್ತಾಗಲೆಲ್ಲ ಇನ್ನೊಂದು ನಿಲ್ಲಿಸಿದೆ, ಮೇಲಿಂದ ಪೆಟ್ಟು ಹೆಚ್ಚು ತಾಗಿಸುವ ಆಂಪ್ಲಿಫೈ ಡ್ಯಾಮೇಜ್ ಶಾಪ ಹಾಕಿದೆ, ಮೂಲೆಯಿಂದ ಎಲುಬಿನ ಹಲ್ಲು ಎಸೆದೆ. ಎರಡು ಸಲ ಊರಿಗೆ ಓಡಿದೆ. ಮೂರನೇ ಸಲ ಬಂದಾಗ ಅವನು ಬಿದ್ದ. ನನ್ನ ಹೆಬ್ಬೆರಳು ಮರಗಟ್ಟಿತ್ತು.

ಹೇಳಲೇಬೇಕಾದ್ದು ಇನ್ನೊಂದಿದೆ. ಈ ಆಟದಲ್ಲಿ ನಡುವೆ ಸೇವ್ ಮಾಡಿ ಹೊರಬಂದರೆ ಮತ್ತೆ ಊರಿನಿಂದಲೇ ಶುರು, ಕೊಂದವರೆಲ್ಲ ವಾಪಸ್. ಅದಕ್ಕೇ ಆಗ ಊಟಕ್ಕೆ ಕರೆದರೆ "ಇನ್ನೈದು ನಿಮಿಷ ದೊಡ್ಡಮ್ಮಾ" ಅಂತಿದ್ದೆ. ಸ್ವಿಚ್‌ನಲ್ಲಿ ಆಫ್‌ಲೈನ್ ಆಡುವಾಗ ಪವರ್ ಬಟನ್ ಒತ್ತಿ ಮಲಗಿಸಿದರೆ ಆಯ್ತು. ಮೆಟ್ರೋದಲ್ಲಿ ನನ್ನ ಸ್ಟೇಷನ್ ಬಂತು, ಎದುರಿಗೆ ಹತ್ತು ಮಮ್ಮಿಗಳಿವೆ (ಬಟ್ಟೆ ಸುತ್ತಿದ ಹೆಣಗಳು), ಒತ್ತಿ ಇಳಿದುಬಿಡುತ್ತೇನೆ. ಸಂಜೆ ತೆಗೆದರೆ ಹತ್ತೂ ಅಲ್ಲೇ ನಿಂತಿರುತ್ತವೆ.

ಅಕ್ಷರಗಳು ಮಾತ್ರ ತೀರಾ ಚಿಕ್ಕವು. ವಸ್ತುಗಳ ವಿವರ ಓದೋಕೆ ಕನ್ನಡಕ ಬೇಕು. ಮನೆಯಲ್ಲಿದ್ದರೆ ಟಿವಿಗೆ ಹಾಕುತ್ತೇನೆ.

ಈಗ ಮೂರನೇ ಆಕ್ಟಿನ ಕಾಡಿನಲ್ಲಿದ್ದೇನೆ. ಫ್ಲೇಯರ್ ಅನ್ನೋ ಕುಳ್ಳ ರಾಕ್ಷಸರು ಎಲ್ಲಿಂದಲೋ ಊದುಗೊಳವೆಯಲ್ಲಿ ಮುಳ್ಳು ಊದುತ್ತಿದ್ದಾರೆ. ಈ ಕಾಡು ಆಗಲೂ ಬೇಜಾರು, ಈಗಲೂ ಬೇಜಾರು.