ನನ್ನ ಅನುಭವ: ಥಯೋಸಲ್ಫೇಟ್ ಗ್ರಾಫ್ ನೇರವಾದದ್ದು ಹೀಗೆ

ಥಯೋಸಲ್ಫೇಟ್‌ಗೆ ಆಮ್ಲ ಬೆರೆಸಿ ಗಂಧಕ ಕವಿಯುವ ಸಮಯ ಅಳೆದರೆ ಅರೇನಿಯಸ್ ಗೆರೆ (ಕೆಲ್ವಿನ್ ತಾಪದ ವಿಲೋಮಕ್ಕೆ ಎದುರಾಗಿ ವೇಗದ ಸ್ವಾಭಾವಿಕ ಲಾಗರಿದಮ್ ಇಟ್ಟು ಎಳೆದ ಗ್ರಾಫ್) ನೇರ ಬರುವುದಿಲ್ಲ, ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಬೇಕೇ ಬೇಕು ಎಂದವರೇ ಹೆಚ್ಚು. ಬರುತ್ತದೆ. ರೂಲರ್ ಇಟ್ಟು ಎಳೆದಷ್ಟು ನೇರ ಬಂದಿದೆ.

ಗೆರೆ ಬಾಗುವುದು ಬಿಸಿ ತುದಿಯಲ್ಲಿ. ಕವಿದದ್ದನ್ನು ಗುರುತಿಸುವ ಕಣ್ಣನ್ನು ಎಲ್ಲರೂ ದೂರುತ್ತಾರೆ, ಆದರೆ ಕೆಡಿಸುವುದು ತಣ್ಣನೆಯ ಆಮ್ಲ. 50 ಡಿಗ್ರಿಯ 50 ಮಿ.ಲೀ. ದ್ರಾವಣಕ್ಕೆ ಕೋಣೆಯ ತಾಪದ 5 ಮಿ.ಲೀ. ಆಮ್ಲ ಬಿದ್ದರೆ ಮಿಶ್ರಣ 48ಕ್ಕೆ ಇಳಿಯುತ್ತದೆ, ಬರೆದುಕೊಂಡಿರುವುದು 50. ಹಾಗಾಗಿ ಆಕ್ಟಿವೇಶನ್ ಎನರ್ಜಿ (ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ) ಕಡಿಮೆ ಸಿಗುತ್ತದೆ. ಎರಡನ್ನೂ ಒಂದೇ ವಾಟರ್ ಬಾತ್‌ನಲ್ಲಿ ಹತ್ತು ನಿಮಿಷ ಬಿಟ್ಟು, ಬೆರೆಸಿದ ಮೇಲಿನ ತಾಪ ಬರೆಯಬೇಕು.

ದುಡ್ಡು ಉಳಿದದ್ದು ಪ್ರಮಾಣ ಇಳಿಸಿದ್ದರಿಂದ. 0.15 ಮೋಲಾರ್ ಥಯೋಸಲ್ಫೇಟ್ 10 ಮಿ.ಲೀ., 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಸಾಕು. ರಾಸಾಯನಿಕದ ಖರ್ಚು ಐದನೇ ಒಂದು ಪಾಲು, ಸಲ್ಫರ್ ಡೈಆಕ್ಸೈಡ್ ಕಾಟವೂ ಅಷ್ಟೇ. ಸಣ್ಣ ಬಾಟಲಿ ಹೊರಗೆ ತೆಗೆದ ತಕ್ಷಣ ಆರುವುದರಿಂದ ಅದನ್ನು ಬಾತ್ ಆಗಿರುವ ಬೀಕರಿನ ನೀರಿನಲ್ಲೇ ಬಿಟ್ಟು, ಒಂದು ಬದಿಗೆ ಎಲ್‌ಇಡಿ, ಎದುರಿಗೆ ಎಲ್‌ಡಿಆರ್ (ಬೆಳಕು ಕಡಿಮೆಯಾದಷ್ಟು ರೋಧ ಏರುವ ಬಿಡಿಭಾಗ), ಸುತ್ತ ಕಪ್ಪು ಕಾಗದ. ಮಲ್ಟಿಮೀಟರ್‌ನಲ್ಲಿ ರೋಧ ಆರಂಭದ ಎರಡರಷ್ಟಾದಾಗ ಗಡಿಯಾರ ನಿಲ್ಲಿಸಬೇಕು. ಬ್ಯಾಟರಿ ಸೊರಗಿದರೂ ಈ ಅನುಪಾತ ಹೆಚ್ಚು ಕದಲದು. ಬಾತ್‌ಗೆ ಕುದಿಸಿ ಆರಿಸಿದ ನೀರೇ ಆಗಬೇಕು, ಇಲ್ಲದಿದ್ದರೆ ಗಾಜಿಗೆ ಗುಳ್ಳೆ ಕೂತು ಬೆಳಕು ಚದುರುತ್ತದೆ. ಬಾಟಲಿ ಪ್ರತಿ ಸಲ ಅದೇ ಜಾಗದಲ್ಲಿ ಕೂರುವಂತೆ ಮಾಡಿದ ಹಿಡಿಕೆಯ ಗುಟ್ಟು ಸದ್ಯಕ್ಕೆ ನನ್ನಲ್ಲೇ ಇರಲಿ. ಒಳಗೆ ಅಂಟಿದ ಗಂಧಕವನ್ನು ಮಾತ್ರ ಆಗಲೇ ಉಜ್ಜಿ ತೊಳೆಯಿರಿ.

ಗಂಧಕ ಕವಿಯಲು 20 ಡಿಗ್ರಿಯಲ್ಲಿ ಎರಡು ನಿಮಿಷದ ಹತ್ತಿರ, 30ರಲ್ಲಿ ಒಂದು, 40ರಲ್ಲಿ ಅರ್ಧಕ್ಕೆ ತುಸು ಮೇಲೆ, 50ರಲ್ಲಿ 18 ಸೆಕೆಂಡಿನ ಆಸುಪಾಸು. ಗೆರೆಯ ಇಳಿಜಾರು ಸುಮಾರು −6000, ಚಿಹ್ನೆ ಬಿಟ್ಟು ಅನಿಲ ಸ್ಥಿರಾಂಕ 8.314ರಿಂದ ಗುಣಿಸಿದರೆ ಆಕ್ಟಿವೇಶನ್ ಎನರ್ಜಿ ಮೋಲ್‌ಗೆ 50 ಕಿಲೋಜೂಲ್. ‘ಹತ್ತು ಡಿಗ್ರಿಗೆ ವೇಗ ದುಪ್ಪಟ್ಟು’ ಎಂಬ ಮಾತು ಕೋಣೆಯ ತಾಪದ ಬಳಿ ಇಂಥ ಕ್ರಿಯೆಗಳಿಗಷ್ಟೇ ಒಪ್ಪುತ್ತದೆ. 100 ಕಿಲೋಜೂಲ್‌ನದಾದರೆ ಹೆಚ್ಚುಕಮ್ಮಿ ನಾಲ್ಕು ಪಟ್ಟು.

ಅದೇ ಬಾತ್‌ನಲ್ಲಿ ಯೀಸ್ಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನೂ ನೋಡಿದೆ, ಆಮ್ಲಜನಕವನ್ನು ಸಿರಿಂಜ್‌ನಲ್ಲಿ ಅಳೆದು. ಮೊದಲು ಏರಿದ ವೇಗ ಆಮೇಲೆ ಕುಸಿಯಿತು. ಕುದಿಸಿ ಆರಿಸಿದ ಯೀಸ್ಟ್‌ನಿಂದ ನೊರೆ ಏಳಲೇ ಇಲ್ಲ, ಕಿಣ್ವ ಕೆಟ್ಟಿರುತ್ತದೆ.

ಥಯೋಸಲ್ಫೇಟ್‌ನಲ್ಲಿ 55 ದಾಟಿದ ಅಂಕಿಗಳನ್ನು ಗ್ರಾಫ್‌ಗೆ ಸೇರಿಸುವುದಿಲ್ಲ. ಹತ್ತು ಸೆಕೆಂಡಿನ ಓಟದಲ್ಲಿ ಬೆರೆಸುವುದಕ್ಕೇ ಎರಡು ಹೋಗುತ್ತದೆ, ಅನಿಲವೂ ಜೋರಾಗಿ ಹೊರಬರುತ್ತದೆ. ಓಟ ಮುಗಿದ ಕೂಡಲೇ ಬಾಟಲಿಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ ಬಗ್ಗಿಸಿಬಿಡಿ.